ಮಂಗಳೂರಿನ ಮಠದಿಂದ ಮರಳಿ ಕಳುಹಿಸಿದ ಧರ್ಮಭಗಿನಿ: ಸಂತ ಮರಿಯಮ್ ಬಾವಾರ್ದಿ

ಧರ್ಮಭಗಿನಿಯರ ಸಮುದಾಯ ಜೀವನ ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣ ಮುಂದೆ ಬರುವುದು ಒಂದು ಶಾಂತವಾದ ಕಾನ್ವೆಂಟು. ಅಂಗಳದಲ್ಲಿ ಲೂರ್ದು ಮಾತೆಯ ಗವಿ, ಹೊತ್ತು ಹೊತ್ತಿಗೆ ಗಂಟೆ, ಪ್ರಾರ್ಥನೆ, ಮೌನ, ಊಟ. ಹೊರಗಿನ ಲೋಕದ ಜಗಳ, ಅನುಮಾನ, ಮನಸ್ತಾಪಗಳು ಆ ಗೋಡೆ ದಾಟಿ ಒಳಗೆ ಬರಲಾರವೆಂದು ನಾವು ಎಣಿಸುತ್ತೇವೆ. ಮಗಳನ್ನು ಮಠಕ್ಕೆ ಕಳುಹಿಸುವ ತಾಯಿತಂದೆಯರೂ ಹಾಗೆಯೇ ನಂಬಿ ಕಣ್ಣೊರೆಸಿಕೊಳ್ಳುತ್ತಾರೆ. ಆದರೆ ಮಠದಲ್ಲಿರುವವರೂ ನಮ್ಮಂತೆಯೇ ಮನುಷ್ಯರು. ಒಳ್ಳೆಯವರ ನಡುವೆಯೂ ತಪ್ಪು ತಿಳುವಳಿಕೆ ಹುಟ್ಟುತ್ತದೆ. ಇದಕ್ಕೆ ಸಾಕ್ಷಿ ಬೇಕೆಂದರೆ ನಾವು ರೋಮಿಗೋ ಫ್ರಾನ್ಸಿಗೋ ಹೋಗಬೇಕಾಗಿಲ್ಲ. ಇಂದು ಧರ್ಮಸಭೆ ಸಂತಳೆಂದು ಗೌರವಿಸುವ ಒಬ್ಬ ಹೆಣ್ಣುಮಗಳು 1870ರಿಂದ 1872ರವರೆಗೆ ನಮ್ಮ ಮಂಗಳೂರಿನಲ್ಲಿದ್ದಳು. ಅಲ್ಲಿಯೇ ತನ್ನ ವ್ರತಗಳನ್ನು ಸ್ವೀಕರಿಸಿದಳು. ವರ್ಷ ತುಂಬುವ ಮೊದಲೇ ಅಲ್ಲಿಂದಲೇ ಆಕೆಯನ್ನು ಹಿಂದಕ್ಕೆ ಕಳುಹಿಸಲಾಯಿತು. ಆಕೆಯ ಹೆಸರು ಮರಿಯಮ್ ಬಾವಾರ್ದಿ. ಮಠದ ಹೆಸರು ಶಿಲುಬೆಗೇರಿಸಲ್ಪಟ್ಟ ಯೇಸುವಿನ ಮರಿಯ.

ತಬ್ಬಲಿ ಮಗು

ಗಲಿಲೇಯ ಸೀಮೆಯಲ್ಲಿ, ನಜರೇತಿನಿಂದ ಬಹು ದೂರವಲ್ಲದ ಇಬಿಲ್ಲಿನ್ ಎಂಬ ಹಳ್ಳಿ. ಆಗ ಅಲ್ಲಿ ತುರ್ಕರ ಆಳ್ವಿಕೆ. ಆ ಹಳ್ಳಿಯ ಗಿರಿಯೆಸ್ ಬಾವಾರ್ದಿ ಮತ್ತು ಮರಿಯಮ್ ಶಾಹೀನ್ ಎಂಬ ದಂಪತಿ ಗ್ರೀಕ್ ವಿಧಿಯ ಮೆಲ್ಕೈಟ್ ಕಥೋಲಿಕರು. ಕೋವಿಮದ್ದು ತಯಾರಿಸುವುದು ಅವರ ಮನೆತನದ ಕಸುಬು. ಅವರಿಗೆ ಹುಟ್ಟಿದ ಹನ್ನೆರಡು ಗಂಡುಮಕ್ಕಳೂ ಎಳವೆಯಲ್ಲೇ ತೀರಿಕೊಂಡಿದ್ದವು. ಗಂಡುಮಗುವಿಗಾಗಿ ಹರಕೆ ಹೊರುವವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಈ ದಂಪತಿ ಹೆಣ್ಣುಮಗುವನ್ನು ಬೇಡಿಕೊಳ್ಳಲು ಬೆತ್ಲೆಹೇಮಿನವರೆಗೆ ಕಾಲ್ನಡಿಗೆಯಲ್ಲಿ ಯಾತ್ರೆ ಹೋದರು. 1846ರ ಜನವರಿ 5ರಂದು ಹುಟ್ಟಿದ ಮಗಳಿಗೆ ದೇವಮಾತೆಯ ಹೆಸರನ್ನೇ ಇಟ್ಟರು. ಮುಂದೆ ಬೌಲೋಸ್ ಎಂಬ ಮಗನೂ ಹುಟ್ಟಿದನು.

ಆದರೆ ಮರಿಯಮಳಿಗೆ ಮೂರು ವರ್ಷ ತುಂಬುವಷ್ಟರಲ್ಲಿ ತಂದೆ ತಾಯಿ ಇಬ್ಬರೂ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ತಮ್ಮನನ್ನು ತಾಯಿಯ ಕಡೆಯವರು ಕರೆದೊಯ್ದರು, ಅಕ್ಕನನ್ನು ತಂದೆಯ ಅಣ್ಣತಮ್ಮಂದಿರಲ್ಲಿ ಒಬ್ಬರು ಸಾಕಿದರು. ಅವರ ಕುಟುಂಬ ಈಜಿಪ್ಟಿನ ಅಲೆಕ್ಸಾಂಡ್ರಿಯಕ್ಕೆ ವಲಸೆ ಹೋದಾಗ ಆಕೆಯೂ ಜೊತೆಗೆ ಹೋದಳು.

ಹನ್ನೆರಡು ಹದಿಮೂರರ ವಯಸ್ಸಿಗೆ ಮನೆಯವರು ಆಕೆಗೆ ಮದುವೆ ನಿಶ್ಚಯಿಸಿದರು. ನಮ್ಮ ಸೀಮೆಯಲ್ಲಿಯೂ ಶಾಲೆಯಲ್ಲಿರಬೇಕಾದ ಹುಡುಗಿಗೆ ಗಂಡು ಹುಡುಕುವ ಮನೆಗಳು ಇನ್ನೂ ಇವೆ, ಆದುದರಿಂದ ಆ ಮಗುವಿನ ಸ್ಥಿತಿ ನಿಮಗೆ ಅರ್ಥವಾದೀತು. ತಾನು ದೇವರಿಗೆ ಮೀಸಲೆಂದು ಮರಿಯಮ್ ತೀರ್ಮಾನಿಸಿದ್ದಳು. ತನ್ನ ಕೂದಲನ್ನು ತಾನೇ ಕತ್ತರಿಸಿಕೊಂಡಳು. ದೊಡ್ಡವರಿಗೆ ಕೋಪ ಬಂತು. ಮನೆಮಗಳಾಗಿದ್ದವಳನ್ನು ಆಳುಮಗಳನ್ನಾಗಿ ಮಾಡಿದರು. ಆಗ ತಮ್ಮನಿಗೆ ಕಾಗದ ಕಳುಹಿಸಲೆಂದು ಆಕೆ ಪರಿಚಿತ ಸೇವಕನೊಬ್ಬನ ಬಳಿಗೆ ಹೋದಳು. ಅವನು ವಿಶ್ವಾಸವನ್ನು ತೊರೆಯುವಂತೆ ಒತ್ತಾಯಿಸಿದನು. ಒಪ್ಪದಿದ್ದಾಗ ಆಕೆಯ ಕುತ್ತಿಗೆಯನ್ನು ಕೊಯ್ದು, ಸತ್ತಳೆಂದು ತಿಳಿದು ಬೀದಿಗೆ ಎಸೆದನು. ನೀಲಿ ಉಡುಪಿನ ಕನ್ಯಾಸ್ತ್ರೀಯೊಬ್ಬರು ತನ್ನನ್ನು ಗವಿಯೊಂದರಲ್ಲಿಟ್ಟು ಆರೈಕೆ ಮಾಡಿದರೆಂದೂ ಅವರು ದೇವಮಾತೆಯೇ ಎಂದೂ ಆಕೆ ಮುಂದೆ ಹೇಳಿದಳು. ಆ ಗಾಯದ ಗುರುತು ಕೊನೆಯವರೆಗೂ ಕುತ್ತಿಗೆಯ ಮೇಲೆ ಉಳಿಯಿತು.

ಮನೆಗೆಲಸದಿಂದ ಮಠಕ್ಕೆ

ಅಲ್ಲಿಂದ ಮುಂದೆ ಆಕೆಯದು ಮನೆಗೆಲಸದವಳ ಬದುಕು. ಅಲೆಕ್ಸಾಂಡ್ರಿಯ, ಜೆರುಸಲೇಮ್, ಬೈರೂತ್, ಕೊನೆಗೆ 1863ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಪಟ್ಟಣ. ಓದುಬರಹವಿಲ್ಲ, ಫ್ರೆಂಚ್ ಭಾಷೆ ಸರಿಯಾಗಿ ಬಾರದು. 1865ರಲ್ಲಿ ಆಕೆ ದರ್ಶನದ ಸಂತ ಜೋಸೆಫರ ಭಗಿನಿಯರ ಸಭೆಗೆ ಅಭ್ಯರ್ಥಿಯಾಗಿ ಸೇರಿದಳು. ಅಲ್ಲಿ ಆಕೆಯಲ್ಲಿ ಅಸಾಮಾನ್ಯ ಸಂಗತಿಗಳು ಕಾಣಿಸತೊಡಗಿದವು. ಪ್ರಾರ್ಥನೆಯಲ್ಲಿ ಮೈಮರೆಯುವುದು, ಕೈಕಾಲುಗಳಲ್ಲಿ ಪ್ರಭುವಿನ ಗಾಯಗಳ ಗುರುತು ಮೂಡುವುದು. ಕೆಲವರು ಬೆರಗಾದರು, ಕೆಲವರು ಹೆದರಿದರು. ಎರಡು ವರ್ಷಗಳ ನಂತರ ಆ ಸಮುದಾಯ ಆಕೆಯನ್ನು ಮುಂದಿನ ಹಂತಕ್ಕೆ ತೆಗೆದುಕೊಳ್ಳಬಾರದೆಂದು ನಿರ್ಧರಿಸಿತು.

ಆ ಬಾಗಿಲು ಮುಚ್ಚಿದಾಗ ಆಕೆಯ ಕೈಹಿಡಿದವರು ಮದರ್ ವೆರೋನಿಕಾ. ಇಂಗ್ಲಿಷ್ ಆಂಗ್ಲಿಕನ್ ಗುರುವೊಬ್ಬರ ಮಗಳಾಗಿ ಹುಟ್ಟಿ, ಕಥೋಲಿಕ ವಿಶ್ವಾಸಕ್ಕೆ ಬಂದು, ಕಲ್ಲಿಕೋಟೆಯಲ್ಲಿ ಸೇವೆ ಮಾಡಿ ಹೋಗಿದ್ದ ಇವರೇ 1868ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯನ್ನು ಸ್ಥಾಪಿಸಿದವರು. ಮಂಗಳೂರಿನ ಸಂತ ಆಗ್ನೆಸ್ ಕಾಲೇಜನ್ನು 1921ರಲ್ಲಿ ಆರಂಭಿಸಿದ್ದು ಇದೇ ಸಭೆ. 1867ರ ಜೂನ್ ತಿಂಗಳಲ್ಲಿ ಮದರ್ ವೆರೋನಿಕಾ ತಾವು ಪೋ ಪಟ್ಟಣದ ಕಾರ್ಮೆಲ್ ಮಠಕ್ಕೆ ಹೋಗುವಾಗ ಮರಿಯಮಳನ್ನೂ ಕರೆದುಕೊಂಡು ಹೋದರು. ಒಬ್ಬ ವ್ಯಕ್ತಿ ಸಮಯಕ್ಕೆ ಸರಿಯಾಗಿ ನಮ್ಮನ್ನು ನಂಬಿದರೆ ಎಷ್ಟು ದೊಡ್ಡ ಕಾರ್ಯವಾಗುತ್ತದೆ ನೋಡಿ.

ಆ ಕಾಲದ ಮಠಗಳಲ್ಲಿ ಎರಡು ವರ್ಗಗಳಿದ್ದವು. ಲತೀನ್ ಭಾಷೆಯಲ್ಲಿ ದೈನಂದಿನ ಪ್ರಾರ್ಥನೆಗಳನ್ನು ಹಾಡುವ ಭಗಿನಿಯರು ಒಂದು ಕಡೆ, ಅಡುಗೆ, ಬಟ್ಟೆ, ತೋಟ ನೋಡಿಕೊಳ್ಳುವ ಸಹಾಯಕ ಭಗಿನಿಯರು ಇನ್ನೊಂದು ಕಡೆ. ಮರಿಯಮಳನ್ನು ಮೊದಲು ಹಾಡುವವರ ಸಾಲಿಗೆ ಸೇರಿಸಿದ್ದರು. ಓದು ಆಕೆಗೆ ಒಗ್ಗಲಿಲ್ಲ. ತನಗೆ ಕೆಲಸದವರ ಸಾಲೇ ಸಾಕೆಂದು ಬೇಡಿ ಅದನ್ನೇ ಪಡೆದಳು. ತಾನೊಂದು ಪುಟ್ಟ ಸೊನ್ನೆ ಎಂದು ಆಕೆ ಹೇಳಿಕೊಳ್ಳುತ್ತಿದ್ದಳು. ಮಠಗಳ ಈ ಮೇಲು ಕೀಳಿನ ಭೇದ ಅಳಿಯಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸೂಚಿಸಿತು. ಧರ್ಮಸಭೆ ಆ ಮಾತನ್ನು ಹೇಳುವ ಮೊದಲೇ, ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ದೇವರು ಒಬ್ಬ ಸಂತಳನ್ನು ಎಬ್ಬಿಸಿದ್ದರು.

ಮಂಗಳೂರಿನ ಎರಡು ವರ್ಷ

ಆಗ ಮಂಗಳೂರಿನ ಧರ್ಮಸಭೆಯ ಹೊಣೆ ಹೊತ್ತಿದ್ದವರು ಫ್ರಾನ್ಸಿನ ಕಾರ್ಮೆಲ್ ಸಭೆಯ ಮರಿ ಎಫ್ರೆಮ್ ಸ್ವಾಮಿಗಳು. ಮಂಗಳೂರಿಗೆ ಎರಡು ಬಗೆಯ ಭಗಿನಿಯರು ಬೇಕೆಂದು ಅವರು ಬಯಸಿದರು. ಮಠದೊಳಗಿದ್ದು ಪ್ರಾರ್ಥಿಸುವವರು, ಮತ್ತು ಹೆಣ್ಣುಮಕ್ಕಳಿಗೆ ವಿದ್ಯೆ ಕಲಿಸುವವರು. ಅವರ ಕರೆಗೆ ಓಗೊಟ್ಟು 1870ರ ಆಗಸ್ಟಿನಲ್ಲಿ ಭಗಿನಿಯರ ತಂಡ ಫ್ರಾನ್ಸಿನಿಂದ ಹಡಗು ಹತ್ತಿತು. ಮರಿಯಮ್ ಅದರಲ್ಲಿದ್ದಳು. ಆ ಪ್ರಯಾಣ ಸುಖವಾಗಿರಲಿಲ್ಲ. ದಾರಿಯಲ್ಲೇ ಮೂವರು ಭಗಿನಿಯರು ತೀರಿಕೊಂಡರು. ಉಳಿದವರು ನವೆಂಬರ್ 19ರಂದು ಮಂಗಳೂರು ತಲುಪಿದರು. ಹೀಗೆ ಮೂರು ಸಮಾಧಿಗಳನ್ನು ಹಿಂದೆ ಬಿಟ್ಟು ಬಂದವರಿಂದ ಮಂಗಳೂರಿನ ಕಾರ್ಮೆಲ್ ಮಠ ಆರಂಭವಾಯಿತು.

ಮರಿಯಮ್ ಅಲ್ಲಿ ಅಡುಗೆಮನೆ ಮತ್ತು ಇತರ ಕೆಲಸಗಳನ್ನು ಮಾಡುತ್ತಿದ್ದಳು. 1871ರ ನವೆಂಬರ್ 21ರಂದು, ಮಾತೆ ಮರಿಯಮ್ಮನವರನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬದ ದಿನ, ಆಕೆ ವ್ರತಗಳನ್ನು ಸ್ವೀಕರಿಸಿದಳು. ಆ ಮಠದಲ್ಲಿ ವ್ರತ ಸ್ವೀಕರಿಸಿದ ಮೊದಲಿಗಳು ಆಕೆಯೇ.

ಆದರೆ ಆಕೆಯಲ್ಲಿ ನಡೆಯುತ್ತಿದ್ದ ಅಸಾಮಾನ್ಯ ಸಂಗತಿಗಳು ನಿಲ್ಲಲಿಲ್ಲ. ಇದು ದೇವರಿಂದಲೋ, ಆಕೆಯ ಕಲ್ಪನೆಯೋ, ಸೈತಾನನ ಮೋಸವೋ ಎಂಬ ಪ್ರಶ್ನೆ ಎದ್ದಿತು. ಮಠದ ಮುಖ್ಯಸ್ಥೆಯೂ ಧರ್ಮಾಧ್ಯಕ್ಷರೂ ಮೊದಲಿನ ನಂಬಿಕೆಯನ್ನು ಕಳೆದುಕೊಂಡರು. ಆಕೆಯ ನಡತೆಗೆ ತಪ್ಪು ಅರ್ಥ ಬಂತು. ಕೊನೆಗೆ 1872ರಲ್ಲಿ ಆಕೆಯನ್ನು ಪೋ ಮಠಕ್ಕೆ ಹಿಂದಿರುಗಿಸಿದರು. ಆ ವರ್ಷದ ನವೆಂಬರಿನಲ್ಲಿ ಆಕೆ ಅಲ್ಲಿಗೆ ತಲುಪಿದಳು.

ನಾವು ಆತುರಪಟ್ಟು ಯಾರನ್ನೂ ಖಳರನ್ನಾಗಿ ಮಾಡಬಾರದು. ಮರಿ ಎಫ್ರೆಮ್ ಸ್ವಾಮಿಗಳು ದೂರದೃಷ್ಟಿಯ ಪುಣ್ಯಪುರುಷರು. ಅಸಾಮಾನ್ಯ ಸಂಗತಿಗಳನ್ನು ಕಂಡೊಡನೆ ನಂಬಬಾರದು, ಪರೀಕ್ಷಿಸಬೇಕು ಎಂಬುದು ಧರ್ಮಸಭೆಯ ಹಳೆಯ ಬುದ್ಧಿವಾದ. ಆ ಭಗಿನಿಯರೂ ಹೊಸ ದೇಶ, ಹೊಸ ಹವೆ, ಮೂವರ ಸಾವು, ಇವೆಲ್ಲವನ್ನೂ ಹೊತ್ತವರು. ಆದರೂ ಆಗಿದ್ದು ಆಗಿಹೋಯಿತು. ಒಳ್ಳೆಯ ಉದ್ದೇಶದ ಜನ ಸೇರಿ ಒಬ್ಬ ನಿರಪರಾಧಿಯ ವಿಷಯದಲ್ಲಿ ತಪ್ಪು ತೀರ್ಪು ಕೊಟ್ಟರು. ಸಮುದಾಯ ಜೀವನದ ನಿಜವಾದ ಪರೀಕ್ಷೆ ಇಲ್ಲಿಯೇ ಇದೆ.

ಸಮುದಾಯದ ಮೂರು ಕಂಬಗಳು

ಕಾರ್ಮೆಲ್ ಮಠಗಳನ್ನು ಸುಧಾರಿಸಿದ ಆವಿಲಾದ ಸಂತ ತೆರೇಸಾ ತಮ್ಮ ಮೊದಲ ಮಠವನ್ನು 1562ರಲ್ಲಿ ತೆರೆದಾಗ ಭಗಿನಿಯರ ಸಂಖ್ಯೆಯನ್ನು ಬೇಕೆಂದೇ ಕಡಿಮೆ ಇಟ್ಟರು. ಎಲ್ಲರೂ ಒಬ್ಬರನ್ನೊಬ್ಬರು ಅರಿತು ಗೆಳತಿಯರಂತೆ ಬಾಳಲಿ ಎಂಬುದು ಅವರ ಬಯಕೆ. ಪ್ರಾರ್ಥನೆಯ ಜೀವನಕ್ಕೆ ಅವರು ಮೂರು ಅಡಿಪಾಯಗಳನ್ನು ಹೇಳಿದರು: ಪರಸ್ಪರ ಪ್ರೀತಿ, ಲೋಕದ ವಸ್ತುಗಳಿಂದ ಬಿಡುಗಡೆ, ಮತ್ತು ದೈನ್ಯ. ಧ್ಯಾನದ ವಿಧಾನಗಳನ್ನು ಕಲಿಸುವ ಮೊದಲು ಒಟ್ಟಿಗೆ ಬಾಳುವುದನ್ನು ಕಲಿಸಿದರು. ಜೊತೆಯಲ್ಲಿರುವವಳನ್ನು ಪ್ರೀತಿಸಲಾರದವಳ ಪ್ರಾರ್ಥನೆ ಗಟ್ಟಿಯಲ್ಲವೆಂಬುದು ಅವರ ಅನುಭವ.

ಇದನ್ನು ನಮ್ಮ ಊರಿನ ಸಂಗತಿಯಿಂದಲೇ ತಿಳಿದುಕೊಳ್ಳಬಹುದು. ಭೀಮರಾಯನಗುಡಿಯವರಾದ ನಮಗೆ ಕೃಷ್ಣಾ ಮೇಲ್ದಂಡೆ ಯೋಜನೆಯನ್ನು ಬೇರೆಯವರು ವಿವರಿಸಬೇಕಾಗಿಲ್ಲ. ನಾರಾಯಣಪುರದ ಬಸವಸಾಗರದಿಂದ ಹೊರಟ ನೀರು ಎಡದಂಡೆ ಕಾಲುವೆಯಲ್ಲಿ ಸುರಪುರ, ಶಹಾಪುರ, ಜೇವರ್ಗಿಯ ಹೊಲಗಳಿಗೆ ಹರಿಯುತ್ತದೆ. ಜಲಾಶಯ ತುಂಬಿದ್ದ ಮಾತ್ರಕ್ಕೆ ಎಲ್ಲರ ಹೊಲ ಹಸಿರಾಗುವುದಿಲ್ಲ. ಕಾಲುವೆಯ ಮೇಲ್ಭಾಗದವರು ಬೇಕಾದಷ್ಟು ಎಳೆದುಕೊಂಡರೆ ಕೊನೆಯ ಭಾಗದ ರೈತನ ಬೆಳೆ ಒಣಗುತ್ತದೆ. ಅದಕ್ಕೇ ವಾರಾಬಂದಿ ಎಂಬ ಸರತಿ. ತೂಬು ಮುಚ್ಚಿದಾಗ ಮೇಲಿನವನಿಗೆ ಅದು ಅಡ್ಡಿಯಂತೆ ಕಾಣುತ್ತದೆ. ಆದರೆ ಆ ಮುಚ್ಚಿದ ತೂಬಿನಿಂದಲೇ ಕೊನೆಯವನ ಮನೆಯಲ್ಲಿ ಒಲೆ ಉರಿಯುತ್ತದೆ.

ಮಠದ ನಿಯಮವೂ ಹೀಗೆಯೇ. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ವ್ರತಗಳು, ಮೌನ, ಹೊತ್ತಿನ ಕಟ್ಟುಪಾಡು, ಒಂದೇ ಊಟದ ಮೇಜು, ಇವೆಲ್ಲ ಹೊರಗಿನಿಂದ ಬೇಲಿಯಂತೆ ಕಾಣುತ್ತವೆ. ನನಗೆ ಬೇಕಾದದ್ದನ್ನೆಲ್ಲ ನಾನೇ ಎಳೆದುಕೊಳ್ಳದೆ, ಕೊನೆಯಲ್ಲಿ ನಿಂತವಳಿಗೂ ಪ್ರೀತಿ, ಗೌರವ, ಮಾತು ತಲುಪಬೇಕು ಎಂಬುದೇ ಅವುಗಳ ಉದ್ದೇಶ. ಆದಿ ಕ್ರೈಸ್ತರು ಎಲ್ಲವನ್ನೂ ಹಂಚಿಕೊಂಡು, ರೊಟ್ಟಿ ಮುರಿದು ಬಾಳಿದರೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಅದೇ ಗ್ರಂಥ ಅವರಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಹಂಚಿಕೆಯಲ್ಲಿ ಕಡೆಗಣಿಸಿದ್ದನ್ನೂ ಮುಚ್ಚಿಡದೆ ಹೇಳುತ್ತದೆ. ಕೊನೆಯವರಿಗೆ ನೀರು ತಲುಪದ ತೊಂದರೆ ಅಷ್ಟು ಹಳೆಯದು. ಮಂಗಳೂರಿನಲ್ಲಿ ಕಾಲುವೆಯ ಕೊನೆಯಲ್ಲಿ ನಿಂತಿದ್ದವಳು ಅಡುಗೆಮನೆಯ ಮರಿಯಮ್.

ವಿಧೇಯತೆ ಎಂದರೇನು?

ಇಲ್ಲಿ ನಿಮಗೊಂದು ಪ್ರಶ್ನೆ ಏಳಬಹುದು. ಮೇಲಿನವರು ತಪ್ಪು ಮಾಡಿದ್ದರೂ ಮರಿಯಮ್ ಯಾಕೆ ಎದುರು ನಿಲ್ಲಲಿಲ್ಲ? ಆಕೆ ಸಹಜವಾಗಿಯೇ ಹೆದರುಪುಕ್ಕಲಿಯೇ?

ಖಂಡಿತ ಅಲ್ಲ. ಹದಿಮೂರರ ವಯಸ್ಸಿನಲ್ಲಿ ಇಡೀ ಕುಟುಂಬಕ್ಕೆ ಇಲ್ಲವೆಂದವಳು ಆಕೆ. ಕುತ್ತಿಗೆಗೆ ಕತ್ತಿ ಬಂದಾಗಲೂ ಇಲ್ಲವೆಂದವಳು. ಅಂಥವಳು ಮಠದ ಮುಖ್ಯಸ್ಥೆಯ ಮಾತಿಗೆ ತಲೆಬಾಗಿ ಹಡಗು ಹತ್ತಿದಳೆಂದರೆ ಅದಕ್ಕೆ ಕಾರಣ ಭಯವಲ್ಲ. ಮದುವೆ ಆಕೆಯ ಮೇಲೆ ಹೇರಲ್ಪಟ್ಟದ್ದು. ವ್ರತವನ್ನು ಆಕೆ ತಾನೇ ಬೇಡಿ, ಸ್ವತಂತ್ರ ಮನಸ್ಸಿನಿಂದ ದೇವರಿಗೆ ಕೊಟ್ಟಿದ್ದಳು. ಇಲ್ಲವೆನ್ನಲು ಬಲ್ಲವರ ಹೌದು ಮಾತ್ರವೇ ವಿಧೇಯತೆ. ಇಲ್ಲವೆನ್ನಲು ಆಗದವರ ಹೌದು ಬರೀ ಹೆದರಿಕೆ. ಮತ್ತು ಗಮನಿಸಿ, ಆಕೆಯ ವಿಧೇಯತೆಯಿಂದ ಮುಖ್ಯಸ್ಥರ ತೀರ್ಪು ಸರಿಯಾಗಲಿಲ್ಲ. ತೀರ್ಪು ತಪ್ಪೇ ಆಗಿತ್ತು. ಆದರೆ ಆ ತಪ್ಪು ಆಕೆಯ ಪ್ರೀತಿಯನ್ನು ಕೆಡಿಸಲಾರದೆ ಹೋಯಿತು.

ಆದುದರಿಂದ ಈ ಸಂತಳ ಕಥೆಯನ್ನು ಹೇಳಿ ನೊಂದವರ ಬಾಯಿ ಮುಚ್ಚಿಸುವುದು ದೊಡ್ಡ ಅನ್ಯಾಯ. ಮನೆಯಲ್ಲಾಗಲಿ ಮಠದಲ್ಲಾಗಲಿ ಹೊಡೆತ, ಅವಮಾನ, ಶೋಷಣೆ ನಡೆಯುತ್ತಿದ್ದರೆ ಅದನ್ನು ಹೇಳಬೇಕು, ಕೇಳಬೇಕು, ತಡೆಯಬೇಕು. 1983ರ ಧರ್ಮಸಭೆಯ ಕಾನೂನು ಸಂಹಿತೆ ಮಠದ ಮುಖ್ಯಸ್ಥರಿಗೆ ಸ್ಪಷ್ಟ ಕರ್ತವ್ಯವನ್ನು ವಿಧಿಸುತ್ತದೆ. ಅಧಿಕಾರವನ್ನು ಸೇವೆಯ ಮನೋಭಾವದಿಂದ ನಡೆಸಬೇಕು, ತಮ್ಮ ವಶದಲ್ಲಿರುವವರ ಮನುಷ್ಯ ಘನತೆಯನ್ನು ಗೌರವಿಸಬೇಕು, ಅವರ ಮಾತನ್ನು ಮನಸ್ಸಿಟ್ಟು ಆಲಿಸಬೇಕು. ವಿಧೇಯತೆಯ ಅರ್ಧ ಭಾರ ಆಜ್ಞೆ ಕೊಡುವವರ ಹೆಗಲ ಮೇಲೆಯೇ ಇದೆ. ನಾವು ಗುರುಗಳೂ, ಮನೆಯ ಹಿರಿಯರೂ, ಕಛೇರಿಯ ಅಧಿಕಾರಿಗಳೂ ಇದನ್ನು ಮರೆಯುವಂತಿಲ್ಲ.

ಬೆತ್ಲೆಹೇಮಿನ ಎರಡು ಕೊಡ ನೀರು

ಪೋ ಮಠದ ಭಗಿನಿಯರು ಮರಳಿ ಬಂದವಳನ್ನು ತಮ್ಮವಳೆಂದೇ ಸ್ವೀಕರಿಸಿದರು. ಆಕೆ ಮತ್ತೆ ಅದೇ ಅಡುಗೆ, ಅದೇ ಕೆಲಸಕ್ಕೆ ಸೇರಿಕೊಂಡಳು. ಪ್ರಭು ಹುಟ್ಟಿದ ಬೆತ್ಲೆಹೇಮಿನಲ್ಲಿ ಒಂದು ಕಾರ್ಮೆಲ್ ಮಠ ಕಟ್ಟಬೇಕೆಂಬ ಆಸೆ ಆಕೆಯ ಮನಸ್ಸಿನಲ್ಲಿ ಬೆಳೆಯಿತು. ಬೆರ್ತ್ ದಾರ್ತಿಗೋ ಎಂಬ ಶ್ರೀಮಂತ ಮಹಿಳೆ ಹಣ ಕೊಟ್ಟರು, ರೋಮಿನ ಅನುಮತಿ ಬಂತು. 1875ರ ಆಗಸ್ಟಿನಲ್ಲಿ ಹೊರಟ ತಂಡದಲ್ಲಿ ಮರಿಯಮ್ ಇದ್ದಳು. ಹೆಣ್ಣುಮಗುವಿಗಾಗಿ ತಂದೆತಾಯಿ ನಡೆದು ಬಂದು ಬೇಡಿಕೊಂಡಿದ್ದ ಊರಿಗೆ ಆ ಮಗಳೇ ಮಠ ಕಟ್ಟಲು ಬಂದಳು.

ಫ್ರೆಂಚ್ ಭಗಿನಿಯರಿಗೆ ಅರಬ್ಬಿ ಬಾರದು. ಮರಿಯಮಳ ತಾಯ್ನುಡಿಯೇ ಅದು. ಹೀಗಾಗಿ ಓದು ಬಾರದ, ಮಂಗಳೂರಿನಲ್ಲಿ ಬೇಡವಾದ ಸಹಾಯಕ ಭಗಿನಿಯೇ ಇಲ್ಲಿ ಕಟ್ಟಡದ ಮೇಲ್ವಿಚಾರಣೆ ವಹಿಸಿ ಕೂಲಿಕಾರರೊಂದಿಗೆ ದುಡಿದಳು. ಒಂದು ಸಮುದಾಯ ತಳ್ಳಿದ ಕಲ್ಲು ಇನ್ನೊಂದು ಸಮುದಾಯಕ್ಕೆ ಮೂಲೆಗಲ್ಲಾಯಿತು.

1878ರ ಆಗಸ್ಟ್. ಉರಿಬಿಸಿಲು. ತೋಟದಲ್ಲಿ ದುಡಿಯುತ್ತಿದ್ದ ಕೆಲಸಗಾರರಿಗೆ ಕುಡಿಯಲು ಎರಡು ಕೈಯಲ್ಲೂ ನೀರು ಹೊತ್ತು ಹೋಗುತ್ತಿದ್ದಾಗ ಮರಿಯಮ್ ಮೆಟ್ಟಿಲ ಬಳಿ ಬಿದ್ದಳು. ಕೈ ಮುರಿಯಿತು, ಗಾಯ ಕೊಳೆತು ವಿಷವೇರಿತು. ಕೆಲವೇ ದಿನಗಳಲ್ಲಿ, ಆಗಸ್ಟ್ 26ರಂದು, ಆಕೆ ಪ್ರಭುವಿನ ಬಳಿಗೆ ಹೋದಳು. ವಯಸ್ಸು ಮೂವತ್ತೆರಡು. ದರ್ಶನಗಳನ್ನು ಕಂಡವಳು, ಪಂಚಗಾಯಗಳನ್ನು ಹೊತ್ತವಳು ಸಾವಿಗೀಡಾದದ್ದು ಕೂಲಿಯವರ ಬಾಯಾರಿಕೆ ನೀಗಿಸುವ ಕೆಲಸದಲ್ಲಿ. ದರ್ಶನಗಳು ದೇವರಿಂದ ಬಂದವೇ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತೋಚದು. ಮರವನ್ನು ಅದರ ಫಲದಿಂದಲೇ ಗುರುತಿಸುತ್ತೇವೆ.

ಜಗದ್ಗುರು ಎರಡನೆಯ ಜಾನ್ ಪಾಲ್ 1983ರ ನವೆಂಬರ್ 13ರಂದು ಆಕೆಯನ್ನು ಪುನೀತೆ ಎಂದು ಘೋಷಿಸಿದರು. 2015ರ ಮೇ 17ರಂದು ಜಗದ್ಗುರು ಫ್ರಾನ್ಸಿಸ್ ಆಕೆಗೆ ಸಂತ ಪದವಿಯನ್ನು ಕೊಟ್ಟರು. ಮಂಗಳೂರಿನ ಕಾರ್ಮೆಲ್ ಮಠ ತನ್ನಲ್ಲಿ ವ್ರತ ಸ್ವೀಕರಿಸಿದ ಮೊದಲ ಭಗಿನಿಯನ್ನು ಇಂದು ಸಂತಳೆಂದು ಪ್ರಾರ್ಥಿಸುತ್ತದೆ. ಮನುಷ್ಯರ ತಪ್ಪು ತೀರ್ಪನ್ನು ದೇವರು ತಿದ್ದುತ್ತಾರೆ, ಆದರೆ ಅದಕ್ಕೆ 143 ವರ್ಷಗಳು ಬೇಕಾದವು.

ನಮ್ಮ ಮನೆಗಳಿಗೆ

ಪ್ರಿಯ ಓದುಗರೇ, ಕುಟುಂಬವೂ ಒಂದು ಸಮುದಾಯವೇ. ಬೇರೆ ಮನೆಯಿಂದ ಬಂದ ಸೊಸೆಯ ಮೌನಕ್ಕೆ ನಾವು ಸೊಕ್ಕು ಎಂಬ ಹೆಸರಿಡುತ್ತೇವೆ. ಓದಿನಲ್ಲಿ ಹಿಂದುಳಿದ ಮಗನನ್ನು ಅಣ್ಣನೊಂದಿಗೆ ಹೋಲಿಸಿ ಸಣ್ಣವನನ್ನಾಗಿ ಮಾಡುತ್ತೇವೆ. ಮುದುಕಿಯಾದ ತಾಯಿಯ ಮಾತನ್ನು ಕೊನೆಯವರೆಗೆ ಕೇಳುವಷ್ಟು ತಾಳ್ಮೆ ನಮಗಿರುವುದಿಲ್ಲ. ಕೆಲಸಕ್ಕೆ ಬರುವ ಹೆಣ್ಣುಮಗಳ ಮೇಲೆ, ಒಂದು ವಸ್ತು ಕಾಣದಾದಾಗ, ಮೊದಲ ಅನುಮಾನ ಹೋಗುತ್ತದೆ. ಇವರಲ್ಲಿ ಯಾರು ದೇವರ ಮೆಚ್ಚಿನವರೋ ನಮಗೇನು ಗೊತ್ತು?

ಬರುವ ಭಾನುವಾರ ಬಲಿಪೂಜೆಗೆ ಬರುವ ಮುನ್ನ ಮನೆಮಂದಿಯೆಲ್ಲ ಜಪಸರದ ಹೊತ್ತಿನಲ್ಲಿ ಕೂಡಿ ಕುಳಿತು ಒಂದು ವಿಷಯ ಯೋಚಿಸಿರಿ. ನಮ್ಮ ಮನೆಯ ಕಾಲುವೆಯ ಕೊನೆಯಲ್ಲಿ ನಿಂತವರು ಯಾರು? ಯಾರ ಬಗ್ಗೆ ಒಮ್ಮೆ ತೀರ್ಪು ಕೊಟ್ಟು, ಮರಳಿ ವಿಚಾರಿಸದೆ ಬಿಟ್ಟಿದ್ದೇವೆ? ಅವರ ಬಳಿಗೆ ಹೋಗಿ ಒಂದು ಒಳ್ಳೆಯ ಮಾತು ಆಡಿರಿ. ತಪ್ಪು ನಮ್ಮದಾಗಿದ್ದರೆ ಬಾಯಿಬಿಟ್ಟು ಕ್ಷಮೆ ಕೇಳಿರಿ. ನಮ್ಮ ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ, ಹಳ್ಳಿಗಳಲ್ಲಿ ದುಡಿಯುವ ಧರ್ಮಭಗಿನಿಯರನ್ನೂ ಪ್ರಾರ್ಥನೆಯಲ್ಲಿ ನೆನೆಯಿರಿ. ಅವರ ಸಮುದಾಯಗಳಲ್ಲಿ ಪ್ರೀತಿ ನೆಲೆಗೊಳ್ಳಲಿ, ಅಡುಗೆಮನೆಯಲ್ಲಿರುವವರ ಮಾತಿಗೂ ಅಲ್ಲಿ ಬೆಲೆ ಸಿಗಲಿ ಎಂದು ಸಂತ ಮರಿಯಮಳ ಮೂಲಕ ಬೇಡಿಕೊಳ್ಳಿರಿ.